ಎಲ್ಲ ರಿಪೋರ್ಟಲ್ಲೂ ‘ಎಂಟರೋವೈರಸ್ ಪಾಸಿಟಿವ್’ ಅಂತಷ್ಟೇ ಇದೆ. ಎರಡೂ ಕಡೆ ಹಬ್ಬಿರುವುದು ಒಂದೇ ವೈರಸ್ಸಾ?

ಚಿಗುರು
ನಾನು ಸಾಂಕ್ರಾಮಿಕ ರೋಗಗಳ ಕ್ಷೇತ್ರ ತಂಡದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ವ್ಯಾಪ್ತಿಯಲ್ಲಿ ದೂರದೂರದ ಎರಡು ಜಾಗಗಳಲ್ಲಿ ಹೆಚ್ಚುಕಮ್ಮಿ ಒಂದೇ ಸಮಯಕ್ಕೆ ಕೈ-ಕಾಲು-ಬಾಯಿ ರೋಗ ಶುರುವಾಗಿದೆ. ಒಂದು ಕಡೆ ಅಂಗೈ ಅಂಗಾಲಿನ ಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು, ಸ್ವಲ್ಪ ಜ್ವರ, ಅಷ್ಟೇ. ಮಕ್ಕಳು ಆಡಿಕೊಂಡಿದ್ದಾರೆ. ಇನ್ನೊಂದು ಕಡೆ ಕೆಲವು ಮಕ್ಕಳಿಗೆ ಜ್ವರ ಇಳಿಯುತ್ತಿಲ್ಲ, ನಿದ್ದೆ ಹತ್ತುವ ಹೊತ್ತಿಗೆ ಪದೇ ಪದೇ ಬೆಚ್ಚಿ ಬೀಳುತ್ತಿದ್ದಾರೆ.

ಎರಡೂ ಕಡೆಯ ಸ್ಯಾಂಪಲ್ ಕಳಿಸಿದೆವು. ಬಂದ ರಿಪೋರ್ಟ್ ಒಂದೇ: ಎಂಟರೋವೈರಸ್ ಪಾಸಿಟಿವ್. ಮೇಲಿನವರು ‘ಇವೆರಡಕ್ಕೂ ಸಂಬಂಧ ಇದೆಯಾ ಇಲ್ಲವಾ’ ಅಂತ ಕೇಳುತ್ತಿದ್ದಾರೆ. ಈ ರಿಪೋರ್ಟ್ ಇಟ್ಟುಕೊಂಡು ಅದನ್ನು ಹೇಳೋಕಾಗುತ್ತಾ? ಆಗಲ್ಲ ಅಂದ್ರೆ ಲ್ಯಾಬಿನವರನ್ನು ಏನಂತ ಕೇಳಬೇಕು?

ಪಿಪೆಟ್
ಆಗಲ್ಲ. ಎಂಟರೋವೈರಸ್ ಅನ್ನೋದು ಪೋಲಿಯೋ ವೈರಸ್ಸೂ ಸೇರಿದ ಒಂದು ದೊಡ್ಡ ಗುಂಪಿನ ಹೆಸರು. ಆ ರಿಪೋರ್ಟ್ ಕೊಡುವ ಪಿಸಿಆರ್ ಪರೀಕ್ಷೆ ನೋಡುವುದು ವೈರಸ್‌ನ ಆರ್‌ಎನ್‌ಎಯ ತುದಿಯಲ್ಲಿರುವ, ಎಲ್ಲ ಎಂಟರೋವೈರಸ್‌ಗಳಲ್ಲೂ ಬಹುತೇಕ ಒಂದೇ ಥರ ಇರುವ ಒಂದು ತುಂಡನ್ನು. 5 ಪ್ರೈಮ್ ಯುಟಿಆರ್ ಅಂತಾರೆ. ಯಾವುದನ್ನೂ ಬಿಡದೆ ಹಿಡಿಯಲಿ ಅಂತಲೇ ಆ ಜಾಗ ಆರಿಸಿಕೊಂಡಿರುವುದು. ನೂರಕ್ಕೂ ಹೆಚ್ಚು ವಿಧಗಳಲ್ಲಿ ಇದು ಯಾವುದು ಅಂತ ಅದು ಹೇಳಲ್ಲ.

ನೀವು ಕೇಳಬೇಕಾದ್ದು ವಿಪಿ1 ಸೀಕ್ವೆನ್ಸ್, ಅಂದರೆ ಆ ಭಾಗದ ಅಕ್ಷರಗಳ ಸಾಲು. ವೈರಸ್‌ನ ಹೊರಕವಚದ ಒಂದು ಪ್ರೋಟೀನ್ ಅದು. ಒಟ್ಟು ಜೀನೋಮ್, ಅಂದರೆ ವೈರಸ್‌ನ ಪೂರ್ತಿ ಆರ್‌ಎನ್‌ಎ, ಸುಮಾರು 7,500 ಅಕ್ಷರ, ಅದರಲ್ಲಿ ವಿಪಿ1 ಭಾಗ ಸುಮಾರು 900. ಗೊತ್ತಿರುವ ಒಂದು ವಿಧದ ವಿಪಿ1 ಜೊತೆ ಅಕ್ಷರಗಳು ಶೇ 75ಕ್ಕಿಂತ ಜಾಸ್ತಿ ಹೊಂದಿದರೆ ಅದೇ ವಿಧ ಅಂತ ಲೆಕ್ಕ. ಮೊದಲು ಆ ಹೆಸರು ತರಿಸಿಕೊಳ್ಳಿ. ಸಂಬಂಧದ ಮಾತು ಆಮೇಲೆ.

ಮಕ್ಕಳ_ಡಾಕ್ಟ್ರು
ಹೆಸರು ಬರೋವರೆಗೆ ಕಾಯಬೇಡಿ ಚಿಗುರು. ಬೆಚ್ಚಿ ಬೀಳುವುದು, ಇಳಿಯದ ಜ್ವರ, ಪದೇ ಪದೇ ವಾಂತಿ, ಮಂಪರು, ನಡೆಯುವಾಗ ತೂರಾಡುವುದು, ಇವು ಇವಿ-ಎ71 ಅನ್ನುವ ಎಂಟರೋವೈರಸ್ ವಿಧ ಮಿದುಳಿಗೆ ಹೋಗುತ್ತಿರಬಹುದು ಅನ್ನುವ ಗುರುತುಗಳು. ಅಂಥ ಮಕ್ಕಳು ಆಸ್ಪತ್ರೆಯಲ್ಲೇ ಇರಬೇಕು. ಇದನ್ನು ಇವತ್ತೇ ಆ ಭಾಗದ ಎಲ್ಲ ಡಾಕ್ಟರುಗಳಿಗೆ ತಿಳಿಸಿ.

ಚಿಗುರು
ತಿಳಿಸಿದ್ದೇವೆ ಡಾಕ್ಟ್ರೇ. ಅವರೆಲ್ಲ ಆಸ್ಪತ್ರೆಯಲ್ಲೇ ಇದ್ದಾರೆ.

ಸುಮ್ನೆ_ಓದುಗ
ನನಗೊಂದು ಅರ್ಥವಾಗಲ್ಲ. ವಿಧ ಯಾವುದಾದರೇನು? ಇದಕ್ಕೆ ಅಂತ ಔಷಧಿ ಇಲ್ಲ ಅಲ್ವಾ? ಜ್ವರಕ್ಕೆ ಔಷಧಿ ಕೊಡ್ತೀರಿ, ನೀರು ಕುಡಿಸಿ ಅಂತೀರಿ. ಹೆಸರು ಗೊತ್ತಾದರೂ ಅದೇ, ಗೊತ್ತಾಗದಿದ್ದರೂ ಅದೇ. ಆ ದುಡ್ಡನ್ನು ಇನ್ನೊಂದಿಷ್ಟು ಹಾಸಿಗೆಗೆ ಹಾಕಬಹುದಲ್ಲ.

ಮಕ್ಕಳ_ಡಾಕ್ಟ್ರು
ಮಲಗಿರುವ ಒಂದು ಮಗುವಿಗೆ ಸಂಬಂಧಪಟ್ಟಂತೆ ನೀವು ಹೇಳಿದ್ದು ಬಹುಮಟ್ಟಿಗೆ ಸರಿ. ಊರಿಗೆ ಸಂಬಂಧಪಟ್ಟಂತೆ ಸರಿಯಲ್ಲ. ತೈವಾನ್‌ನಲ್ಲಿ 1998ರಲ್ಲಿ ಇವಿ-ಎ71 ಹಬ್ಬಿದಾಗ 405 ಮಕ್ಕಳ ಸ್ಥಿತಿ ಗಂಭೀರವಾಯಿತು, 78 ಮಕ್ಕಳು ಸತ್ತರು. ಅದೇ ಗುಳ್ಳೆ, ಅದೇ ಬಾಯಿಹುಣ್ಣು ಕಾಕ್ಸಾಕಿ ಎ16 ಅನ್ನುವ ಇನ್ನೊಂದು ವಿಧದಿಂದಲೂ ಬರುತ್ತದೆ. ಅದರಲ್ಲಿ ಬಹುತೇಕ ಎಲ್ಲ ಮಕ್ಕಳೂ ವಾರ ಹತ್ತು ದಿನದಲ್ಲಿ ಎದ್ದು ಓಡಾಡುತ್ತಾರೆ. ಊರಲ್ಲಿ ಓಡಾಡುತ್ತಿರುವುದು ಯಾವುದು ಅಂತ ಗೊತ್ತಿದ್ದರೆ ಐಸಿಯು ಎಷ್ಟು ಸಿದ್ಧವಿರಬೇಕು, ಯಾವ ಲಕ್ಷಣಕ್ಕೆ ಮಗುವನ್ನು ಮನೆಗೆ ಕಳಿಸಬಾರದು ಅಂತ ಮೊದಲೇ ತೀರ್ಮಾನಿಸಬಹುದು. ನೀವು ಕೇಳಿದ ಹಾಸಿಗೆ ಎಲ್ಲಿಗೆ ಬೇಕು ಅಂತ ಹೇಳುವುದೂ ಅದೇ.

ಅವಳಿ_ಅಮ್ಮ
ನಮ್ಮಿಬ್ಬರು ಮಕ್ಕಳಿಗೂ ಬಂದಿತ್ತು. ಗುಳ್ಳೆ ಎಲ್ಲ ಒಣಗಿ ಮರೆತೇ ಹೋದ ಮೇಲೆ ಒಂದು ದಿನ ಸ್ನಾನ ಮಾಡಿಸುವಾಗ ನೋಡ್ತೀನಿ, ದೊಡ್ಡವಳ ಹೆಬ್ಬೆರಳಿನ ಉಗುರು ಬುಡದಿಂದ ಎದ್ದಿದೆ. ಕೆಳಗೆ ಆಗಲೇ ತೆಳ್ಳಗೆ ಹೊಸ ಉಗುರು. ನೋವಿಲ್ಲ, ಏನಿಲ್ಲ. ಆಮೇಲೆ ಒಂದೊಂದಾಗಿ ಬೇರೆ ಬೆರಳಿನದೂ ಕಳಚಿತು. ನನಗಂತೂ ಜೀವ ಬಾಯಿಗೆ ಬಂದಿತ್ತು. ಇದೂ ಅದೇ ವೈರಸ್ಸಾ?

ಮಕ್ಕಳ_ಡಾಕ್ಟ್ರು
ಬಹಳ ಮಟ್ಟಿಗೆ ಕಾಕ್ಸಾಕಿ ಎ6 ಇರಬೇಕು ಮೇಡಂ. 2008ರಲ್ಲಿ ಫಿನ್ಲೆಂಡ್‌ನಲ್ಲಿ ಹಬ್ಬಿದಾಗ ಈ ಉಗುರು ಕಳಚುವ ಸಂಗತಿ ಎಲ್ಲರ ಗಮನಕ್ಕೆ ಬಂತು. ಹೊಸ ಉಗುರು ಸರಿಯಾಗೇ ಬರುತ್ತದೆ, ಭಯ ಬೇಡ. ಎ6ರಲ್ಲಿ ಗುಳ್ಳೆಗಳು ತೋಳು, ತೊಡೆ, ಬಾಯಿಯ ಸುತ್ತ ಎಲ್ಲ ಕಡೆ ಏಳುತ್ತವೆ. ಚಿಕನ್‌ಪಾಕ್ಸ್ ಅಂದುಕೊಳ್ಳುವವರೂ ಇದ್ದಾರೆ.

ಅವಳಿ_ಅಮ್ಮ
ಹೌದು ಹೌದು! ಮೊದಲು ನಮಗೂ ಚಿಕನ್‌ಪಾಕ್ಸ್ ಅಂತಲೇ ಹೇಳಿದ್ದರು.

ಕಡತ_ಕಾಯುವವ
ಮೂಲ ಪ್ರಶ್ನೆಗೆ ಬರ್ತೀನಿ. ಸೀಕ್ವೆನ್ಸ್ ಹೋಲಿಸಿ ನೋಡುವುದೇ ನನ್ನ ಕೆಲಸ. ಎರಡೂ ಕಡೆ ಎ16 ಅಂತ ಬಂದರೆ ಕೂಡಲೇ ‘ಸಂಬಂಧ ಇದೆ’ ಅಂತ ಬರೆದುಬಿಡಬೇಡಿ. ಒಂದೇ ಮನೆತನದ ಹೆಸರಿದ್ದ ಮಾತ್ರಕ್ಕೆ ಅಣ್ಣತಮ್ಮಂದಿರು ಅನ್ನೋಕಾಗಲ್ಲ.

ಎರಡು ವಿಪಿ1 ಸೀಕ್ವೆನ್ಸ್‌ಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ. ಬಣ್ಣದ ಅಕ್ಷರಗಳ ಎರಡು ಸಾಲು. ಬಹಳ ದೂರದವರೆಗೆ ಎರಡೂ ಒಂದೇ. ಎಲ್ಲೋ ಒಂದು ಕಡೆ ಮೇಲೆ ಸಿ, ಕೆಳಗೆ ಟಿ. ಇನ್ನಷ್ಟು ಮುಂದೆ ಹೋದರೆ ಎ ಇದ್ದ ಜಾಗದಲ್ಲಿ ಜಿ. ಮೂರು ಮೂರು ಅಕ್ಷರ ಎಣಿಸಿಕೊಂಡು ಹೋದರೆ ಈ ಬದಲಾವಣೆಗಳಲ್ಲಿ ಹೆಚ್ಚಿನವು ಮೂರನೇ ಅಕ್ಷರದಲ್ಲೇ ಇರುತ್ತವೆ. ಅಲ್ಲಿ ಬದಲಾದರೆ ಸಾಮಾನ್ಯವಾಗಿ ಪ್ರೋಟೀನ್ ಬದಲಾಗಲ್ಲ, ವೈರಸ್‌ಗೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಅದಕ್ಕೇ ಅವು ಹಾಗೇ ಉಳಿದುಕೊಂಡು ಬರುತ್ತವೆ. ನಮಗೆ ಕಾಲ ಅಳೆಯಲು ಉಪಯೋಗಕ್ಕೆ ಬರುವುದು ಇವೇ.

ಪೋಲಿಯೋ ವೈರಸ್‌ನ ವಿಪಿ1 ವರ್ಷಕ್ಕೆ ಸುಮಾರು ಶೇ 1ರಷ್ಟು ಬದಲಾಗುತ್ತದೆ. 900ರಲ್ಲಿ ಒಂಬತ್ತು ಅಕ್ಷರ. ಬೇರೆ ಎಂಟರೋವೈರಸ್‌ಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಎರಡು ಜಾಗದ ವೈರಸ್‌ಗಳ ನಡುವೆ ಒಂದೆರಡೇ ಅಕ್ಷರ ವ್ಯತ್ಯಾಸ ಇದ್ದರೆ ಇತ್ತೀಚೆಗೆ ಒಂದೇ ಮೂಲದಿಂದ ಬಂದಿರಬಹುದು. ನಲವತ್ತು ಐವತ್ತು ಇದ್ದರೆ ಅವು ವರ್ಷಗಳ ಹಿಂದೆಯೇ ಕವಲೊಡೆದಿವೆ, ಈ ಸಲ ಒಟ್ಟಿಗೆ ಕಾಣಿಸಿಕೊಂಡದ್ದು ಕಾಕತಾಳೀಯ.

ಸುಮ್ನೆ_ಓದುಗ
ಒಂದೆರಡು ಅಕ್ಷರ ಅಷ್ಟೇ ವ್ಯತ್ಯಾಸ ಇದ್ದರೆ ಈ ಊರಿಂದಲೇ ಆ ಊರಿಗೆ ಹೋಯ್ತು ಅಂತ ಆಯ್ತಲ್ಲ?

ಕಡತ_ಕಾಯುವವ
ಇಲ್ಲ. ಎರಡಕ್ಕೂ ಮೂರನೇ ಊರಿಂದ ಬಂದಿರಬಹುದು. ಆ ಮೂರನೇ ಊರಲ್ಲಿ ಯಾರೂ ಸ್ಯಾಂಪಲ್ ತೆಗೆದೇ ಇಲ್ಲ ಅಂದ್ರೆ ವಂಶವೃಕ್ಷದಲ್ಲಿ ಅದು ಕಾಣಲ್ಲ. ಜಾಸ್ತಿ ಸೀಕ್ವೆನ್ಸ್ ಮಾಡುವ ದೇಶವೇ ಎಲ್ಲದರ ಮೂಲ ಅನ್ನುವ ಹಾಗೆ ಚಿತ್ರ ಬರುತ್ತದೆ. ನನಗೆ ಈ ವಿಷಯದಲ್ಲಿ ತುಂಬ ಸಿಟ್ಟಿದೆ. ಪೇಪರಿನವರು ‘ಇಂಥ ಕಡೆಯಿಂದ ಬಂದ ವೈರಸ್’ ಅಂತ ತಲೆಬರಹ ಹಾಕುತ್ತಾರೆ. ಅಲ್ಲಿನವರು ಮಾಡಿದ ತಪ್ಪು ಏನು? ಪರೀಕ್ಷೆ ಮಾಡಿ ಪ್ರಕಟಿಸಿದ್ದು.

ಹಳೇ_ಕೈ
ಪೋಲಿಯೋ ಸರ್ವೇಕ್ಷಣೆಯಲ್ಲಿ ಬಹಳ ವರ್ಷ ದುಡಿದವನು ನಾನು. ಕಡತ_ಕಾಯುವವರು ಹೇಳಿದ್ದು ನೂರಕ್ಕೆ ನೂರು ನಿಜ. ಪೋಲಿಯೋದಲ್ಲಿ ಅದಕ್ಕೇ ಒಂದು ಒಳ್ಳೆ ಪದ್ಧತಿ ಇದೆ. ಸಿಕ್ಕಿದ ವೈರಸ್ ಅದರ ಹತ್ತಿರದ ಬಂಧುವಿನಿಂದ ವಿಪಿ1ರಲ್ಲಿ ಶೇ 1.5ಕ್ಕಿಂತ ಜಾಸ್ತಿ ದೂರ ಇದ್ದರೆ ಅದನ್ನು ಅನಾಥ ವೈರಸ್ ಅಂತ ಗುರುತು ಹಾಕುತ್ತಾರೆ. ಅರ್ಥ ಏನು? ಒಂದು ವರ್ಷಕ್ಕಿಂತ ಹೆಚ್ಚು ಕಾಲ ಎಲ್ಲೋ ಓಡಾಡಿದೆ, ನಮ್ಮ ಕಣ್ಣಿಗೆ ಬಿದ್ದಿಲ್ಲ. ಅದು ವೈರಸ್ ಮೇಲಿನ ದೂರಲ್ಲ, ನಮ್ಮ ಹುಡುಕಾಟದ ಮೇಲಿನ ದೂರು. ಕೂಡಲೇ ಎಲ್ಲಿ ಸ್ಯಾಂಪಲ್ ತಪ್ಪಿದೆ ಅಂತ ಹುಡುಕಲು ಹೊರಡಬೇಕು.

ಕೈಕಾಲಿನ ಬಲ ದಿಢೀರ್ ಅಂತ ಹೋದ ಪ್ರತಿ ಮಗುವಿನದೂ ಎರಡು ಮಲದ ಸ್ಯಾಂಪಲ್. ಮಧ್ಯೆ ಕನಿಷ್ಠ 24 ಗಂಟೆ ಅಂತರ, ಎರಡೂ ಬಲ ಹೋದ 14 ದಿನದೊಳಗೆ. ಐಸ್ ಕರಗದ ಹಾಗೆ ಲ್ಯಾಬಿಗೆ ಮುಟ್ಟಬೇಕು. 15 ವರ್ಷದೊಳಗಿನ ಲಕ್ಷ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ ಒಂದಾದರೂ ಪೋಲಿಯೋ ಅಲ್ಲದ ಇಂಥ ಪ್ರಕರಣ ಸಿಗದಿದ್ದರೆ, ಅಲ್ಲಿ ರೋಗ ಇಲ್ಲ ಅಂತಲ್ಲ, ಹುಡುಕುವವರು ಇಲ್ಲ ಅಂತ ಲೆಕ್ಕ. ಬೇರೆ ಎಂಟರೋವೈರಸ್‌ಗಳಿಗೆ ಇಂಥ ಶಿಸ್ತು ಯಾಕಿಲ್ಲ ಅನ್ನೋದೇ ನನ್ನ ಸಂಕಟ.

ಪಿಪೆಟ್
ಹಳೇ_ಕೈ ಸರ್, ಒಪ್ಪುತ್ತೇನೆ, ಆದರೆ ಒಂದು ಸೇರಿಸಬೇಕು. ಮಲದ ಸ್ಯಾಂಪಲ್ ಒಂದನ್ನೇ ನಂಬಿ ಕೂತರೆ ಇವಿ-ಡಿ68 ಅನ್ನುವ ವಿಧ ಕೈತಪ್ಪುತ್ತದೆ. ಹೊಟ್ಟೆಯ ಆಮ್ಲವನ್ನು ಅದು ತಾಳಿಕೊಳ್ಳಲ್ಲ, ಅದು ಇರುವುದು ಮೂಗು-ಗಂಟಲಿನಲ್ಲಿ. ಇವಿ-ಎ71 ಮಿದುಳಿಗೆ ಹೋದಾಗಲೂ ಬೆನ್ನುಮೂಳೆ ನೀರಿನಲ್ಲಿ ಎಷ್ಟೋ ಸಲ ಏನೂ ಸಿಗಲ್ಲ. ಗಂಟಲಿನದೋ ಮಲದ್ದೋ ನೋಡಿದರೆ ಸಿಗುತ್ತದೆ. ಚಿಗುರು, ನೀವು ಯಾವ ಸ್ಯಾಂಪಲ್ ಕಳಿಸಿದ್ದು?

ಚಿಗುರು
ಒಂದು ಕಡೆಯಿಂದ ಗಂಟಲಿನ ಸ್ವ್ಯಾಬ್. ಇನ್ನೊಂದು ಕಡೆಯಿಂದ ಬರೀ ಬೆನ್ನುಮೂಳೆ ನೀರು, ಕೆಲವರದ್ದು.

ಪಿಪೆಟ್
ಹಾಗಾದರೆ ಎರಡೂ ಕಡೆಯಿಂದ ಗಂಟಲು ಮತ್ತು ಮಲ, ಗುಳ್ಳೆ ಒಡೆಯದೆ ಇದ್ದರೆ ಗುಳ್ಳೆಯ ನೀರು, ಮತ್ತೆ ಕಳಿಸಿ. ಬೆನ್ನುಮೂಳೆ ನೀರಿನಲ್ಲಿ ವೈರಸ್ ತೀರಾ ಕಡಿಮೆ. ಪಿಸಿಆರ್ ಪಾಸಿಟಿವ್ ಬಂದರೂ ವಿಪಿ1 ತುಂಡು ಎಷ್ಟೋ ಸಲ ಓದುವಷ್ಟು ಸಿಗಲ್ಲ. ಮತ್ತೆ ‘ಸೌಮ್ಯ’ ಇರುವ ಮಕ್ಕಳದ್ದೂ ಬೇಕು, ಗಂಭೀರ ಇರುವವರದ್ದು ಮಾತ್ರ ಅಲ್ಲ.

ಮಕ್ಕಳ_ಡಾಕ್ಟ್ರು
ಕೊನೆಯ ಸಾಲಿಗೆ ನನ್ನದೂ ಒಂದು ಮತ. ಐಸಿಯು ಮಕ್ಕಳ ಸ್ಯಾಂಪಲ್ ಮಾತ್ರ ಸೀಕ್ವೆನ್ಸ್ ಮಾಡಿ ‘ಈ ತಳಿ ಭಯಂಕರ’ ಅನ್ನುವುದು ಬೇಡ. ಅದೇ ತಳಿ ಹೊರಗೆ ಸಾವಿರ ಮಕ್ಕಳಿಗೆ ಬರೀ ಗುಳ್ಳೆ ಮೂಡಿಸಿ ಹೋಗಿರಬಹುದು.

ಹಸಿರುಗಣ್ಣು
ಆದರೂ ರೂಪಾಂತರ ಆಗಿಯೇ ಹೀಗೆ ಜೋರಾಗುವುದು ಅಂತ ಎಲ್ಲ ಕಡೆ ಓದಿದ್ದೇನೆ. ಚೀನಾದಲ್ಲಿ 2008ರಲ್ಲಿ ಫುಯಾಂಗ್‌ನಲ್ಲಿ ಮಕ್ಕಳು ಸತ್ತದ್ದು ಇವಿ-ಎ71ರ ಸಿ4 ಅನ್ನುವ ತಳಿಯಿಂದ ಅಲ್ವಾ? ಅದು ಅಪಾಯಕಾರಿ ತಳಿ ಅಂತ ಒಪ್ಪಿಕೊಳ್ಳೋಕೆ ಏನು ಕಷ್ಟ?

ಕಡತ_ಕಾಯುವವ
ಸಿ4 ಹೌದು. ಆದರೆ ತೈವಾನ್‌ನ ಇವಿ-ಎ71 ಕವಲುಗಳ ಪಟ್ಟಿ ನೋಡಿ. 1998ರಲ್ಲಿ ಸಿ2. 2000-01ರಲ್ಲಿ ಬಿ4. 2004-05ರಲ್ಲಿ ಸಿ4. 2008ರಲ್ಲಿ ಬಿ5, 2012ರಲ್ಲಿ ಮತ್ತೆ ಬಿ5. ಮಲೇಷ್ಯಾದ ಸರವಾಕ್‌ನಲ್ಲಿ 1997ರಲ್ಲಿ ಮಕ್ಕಳು ಸತ್ತಾಗ ಇದ್ದದ್ದು ಬಿ3. ಒಂದು ಕವಲಿಗೆ ಮಾತ್ರ ಕೆಟ್ಟ ಹೆಸರು ಕೊಡಲು ಇದರಲ್ಲಿ ಆಧಾರ ಎಲ್ಲಿದೆ? ಬೇರೆ ಬೇರೆ ಕವಲುಗಳು ಬೇರೆ ಬೇರೆ ಕಡೆ ಮಕ್ಕಳನ್ನು ಕೊಂದಿವೆ. ಅದೇ ಕವಲುಗಳು ಸದ್ದಿಲ್ಲದೆ ಓಡಾಡಿಕೊಂಡೂ ಇದ್ದವು.

ಹಬ್ಬುವುದರ ಹಿಂದೆ ಇನ್ನೊಂದು ಸರಳ ಕಾರಣ ಇದೆ. ಒಂದು ಸಲ ಜೋರಾಗಿ ಹಬ್ಬಿದ ಮೇಲೆ ಮಕ್ಕಳಲ್ಲಿ ರೋಗನಿರೋಧಕ ಶಕ್ತಿ ಬರುತ್ತದೆ. ಆಮೇಲೆ ಹೊಸದಾಗಿ ಹುಟ್ಟಿದ, ಸೋಂಕು ಕಾಣದ ಮಕ್ಕಳ ಸಂಖ್ಯೆ ವರ್ಷ ವರ್ಷ ಸೇರುತ್ತಾ ಹೋಗುತ್ತದೆ. ಸಾಕಷ್ಟು ಸೇರಿದಾಗ ಮತ್ತೆ ಹಬ್ಬುತ್ತದೆ. ಇದಕ್ಕೆ ವೈರಸ್ ಬದಲಾಗಲೇಬೇಕು ಅಂತೇನಿಲ್ಲ.

ಹಸಿರುಗಣ್ಣು
ಹಾಗಾದರೆ ಈ ಬಿ3 ಸಿ4 ಎಲ್ಲ ಬರೆದಿಟ್ಟುಕೊಂಡು ಪ್ರಯೋಜನ ಏನು? ನೀವೇ ನಿಮ್ಮ ವಾದ ಮುರಿದುಕೊಂಡ ಹಾಗಾಯ್ತು.

ಪಿಪೆಟ್
ಇಲ್ಲ, ಪ್ರಯೋಜನ ಇದೆ. ಮೊದಲನೆಯದು ಲಸಿಕೆ. ಚೀನಾದಲ್ಲಿ 2015ರ ಕೊನೆಯಲ್ಲಿ ಅನುಮತಿ ಸಿಕ್ಕ ಇವಿ-ಎ71 ಲಸಿಕೆ ಸಿ4 ತಳಿಯಿಂದ ಮಾಡಿದ್ದು. ಬೇರೆ ಕವಲು ಬಂದರೆ ಅದು ಎಷ್ಟರಮಟ್ಟಿಗೆ ತಡೆಯುತ್ತದೆ ಅಂತ ನೋಡುತ್ತಲೇ ಇರಬೇಕು. ಕಾಕ್ಸಾಕಿ ಎ16, ಎ6ಗಳಿಗೆ ಆ ಲಸಿಕೆ ನಡೆಯುವುದೇ ಇಲ್ಲ. ಲಸಿಕೆ ಹಾಕಿದ ಮೇಲೂ ಕೈ-ಕಾಲು-ಬಾಯಿ ರೋಗ ಬಂತು ಅಂತ ಜನ ಬೈಯುವಾಗ, ಅದು ಬೇರೆ ವಿಧ ಅಂತ ತೋರಿಸಲು ಟೈಪಿಂಗ್, ಅಂದರೆ ವಿಧ ಗುರುತಿಸುವ ಪರೀಕ್ಷೆ, ಬೇಕು.

ಎರಡನೆಯದು ಪರೀಕ್ಷೆಯೇ ಕುರುಡಾಗುವುದು. ವೈರಸ್ ಹಿಡಿಯಲು ಪಿಸಿಆರ್ ಬಳಸುವ ಪುಟ್ಟ ತುಂಡು, ಪ್ರೈಮರ್, ಕೂರುವ ಜಾಗದಲ್ಲೇ ಅಕ್ಷರ ಬದಲಾದರೆ ಆ ವೈರಸ್ ನಮ್ಮ ಪಿಸಿಆರ್‌ಗೆ ಕಾಣಿಸದೇ ಹೋಗಬಹುದು. ಹೊಸ ಸೀಕ್ವೆನ್ಸ್‌ಗಳನ್ನು ನೋಡದಿದ್ದರೆ ಅದು ಗೊತ್ತಾಗುವುದಾದರೂ ಹೇಗೆ?

ಕಡತ_ಕಾಯುವವ
ಮೂರನೆಯದು ರೀಕಾಂಬಿನೇಷನ್. ಒಂದೇ ಮಗುವಿನ ಒಂದೇ ಜೀವಕೋಶಕ್ಕೆ ಎರಡು ಎಂಟರೋವೈರಸ್ ನುಗ್ಗಿದರೆ ಇದರ ಮುಂಭಾಗ, ಅದರ ಹಿಂಭಾಗ ಸೇರಿ ಹೊಸದೊಂದು ಹುಟ್ಟಬಹುದು. ಇದು ಆಗುವುದು ಹೆಚ್ಚಾಗಿ ಕವಚದ ಭಾಗ ಬಿಟ್ಟು ಉಳಿದ ಕಡೆ. ಅಂದರೆ ವಿಪಿ1 ಮಾತ್ರ ನೋಡಿದರೆ ಹಳೇ ವೈರಸ್ಸೇ ಅನ್ನಿಸುತ್ತದೆ, ಪೂರ್ತಿ ಜೀನೋಮ್ ಓದಿದಾಗ ಬೇರೆ ಕತೆ. ಜರ್ಮನಿಯಲ್ಲಿ 2015ರಲ್ಲಿ ಕಂಡ ಇವಿ-ಎ71ರ ಸಿ1 ಹೀಗೇ ಕಲಬೆರಕೆ ಆಗಿದ್ದ ಕವಲು. 2016ರಲ್ಲಿ ಸ್ಪೇನಿನ ಕ್ಯಾಟಲೋನಿಯಾದಲ್ಲಿ ಮಕ್ಕಳ ಮಿದುಳುಕಾಂಡಕ್ಕೆ ಉರಿಯೂತ ತಂದದ್ದೂ ಸಿ1. ಫ್ರಾನ್ಸ್‌ನಲ್ಲಿ 2022-23ರಲ್ಲಿ ಎಕೋವೈರಸ್ 11 ಅನ್ನುವ ಇನ್ನೊಂದು ಎಂಟರೋವೈರಸ್ ತಗುಲಿ ಒಂಬತ್ತು ನವಜಾತ ಶಿಶುಗಳ ಯಕೃತ್ತು ಕೆಟ್ಟು ಏಳು ಶಿಶುಗಳು ತೀರಿಕೊಂಡವಲ್ಲ, ಅಲ್ಲಿ ಸಿಕ್ಕಿದ್ದೂ ಹೊಸ ರೀಕಾಂಬಿನೆಂಟ್ ಕವಲು. ಎಕೋವೈರಸ್ 11 ಹೊಸದೇನಲ್ಲ. ಟೈಪ್ ಹೆಸರಿಗೆ ನಿಂತಿದ್ದರೆ ‘ಅದೇ ಹಳೇದು’ ಅಂತ ಕಡತ ಮುಚ್ಚಿಬಿಡುತ್ತಿದ್ದರು.

ಸುಮ್ನೆ_ಓದುಗ
ಒಂಬತ್ತರಲ್ಲಿ ಏಳು ಶಿಶುಗಳು. ಓದಿ ಹೊಟ್ಟೆ ತೊಳಸಿತು. ಸರಿ, ಪರೀಕ್ಷೆ ಬೇಕು ಅಂತಲೇ ಇಟ್ಟುಕೊಳ್ಳೋಣ. ಎಲ್ಲ ಮಕ್ಕಳದ್ದೂ ಮಾಡೋಕಂತೂ ಆಗಲ್ಲವಲ್ಲ?

ಹೊಳೆಸಾಲು
ಅದಕ್ಕೇ ಕೊಳಚೆ ನೀರು. ನಾನು ಆ ಕಡೆಯವನು. ಎಂಟರೋವೈರಸ್ ತಗುಲಿದ ಮಗು ವಾರಗಟ್ಟಲೆ ಮಲದಲ್ಲಿ ವೈರಸ್ ಬಿಡುತ್ತದೆ, ಲಕ್ಷಣ ಇಲ್ಲದಿದ್ದರೂ ಬಿಡುತ್ತದೆ. ಒಂದು ಶುದ್ಧೀಕರಣ ಘಟಕದ ಬಾಯಲ್ಲಿ ತೆಗೆದ ಒಂದು ಬಾಟಲಿ ನೀರಲ್ಲಿ ಇಡೀ ಊರೇ ಇರುತ್ತದೆ. 2022ರಲ್ಲಿ ನ್ಯೂಯಾರ್ಕ್ ಹತ್ತಿರದ ರಾಕ್‌ಲ್ಯಾಂಡ್ ಕೌಂಟಿಯಲ್ಲಿ ಒಬ್ಬ ವ್ಯಕ್ತಿಗೆ ಪೋಲಿಯೋದಿಂದ ಕಾಲು ಸೋತಿತು. ಕೊಳಚೆ ನೀರು ನೋಡಿದರೆ ಅಲ್ಲಿ ವೈರಸ್ ಆಗಲೇ ಓಡಾಡುತ್ತಿತ್ತು. ಸೀಕ್ವೆನ್ಸ್ ಹೋಲಿಸಿದರೆ ಲಂಡನ್ ಮತ್ತು ಜೆರುಸಲೆಂ ಕೊಳಚೆ ನೀರಲ್ಲಿ ಸಿಕ್ಕಿದ್ದರ ಬಂಧು. ಪೋಲಿಯೋ ಬಂದಿದ್ದು ಒಬ್ಬರಿಗೆ, ಜಾಡು ಮೂರು ದೇಶದ್ದು.

ಪಿಪೆಟ್
ಕೊಳಚೆ ನೀರಿನ ಬಗ್ಗೆ ಜಾಸ್ತಿ ಆಸೆ ಹುಟ್ಟಿಸಬೇಡಿ. ಅದರಲ್ಲಿ ಹತ್ತಾರು ವಿಧ ಕಲಸಿರುತ್ತವೆ. ಹಳೇ ರೀತಿಯ ಸೀಕ್ವೆನ್ಸಿಂಗಿಗೆ ಹಾಕಿದರೆ ಗ್ರಾಫಿನಲ್ಲಿ ಒಂದು ಅಕ್ಷರದ ಜಾಗದಲ್ಲಿ ಎರಡು ಮೂರು ಶಿಖರ ಒಂದರ ಮೇಲೊಂದು ಏಳುತ್ತವೆ, ಏನೂ ಓದೋಕಾಗಲ್ಲ. ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಓದುವ ಹೊಸ ಯಂತ್ರ ಬೇಕು. ಮತ್ತೆ ಆ ನೀರು ಯಾವ ಮಗುವಿಗೆ ಹುಷಾರಿಲ್ಲ ಅಂತ ಹೇಳಲ್ಲ. ಡಿ68ಕ್ಕಂತೂ ಉಸಿರಾಟದ ಸ್ಯಾಂಪಲ್ಲೇ ಮುಖ್ಯ.

ಹೊಳೆಸಾಲು
ಆಸ್ಪತ್ರೆ ಸ್ಯಾಂಪಲ್ ಬೇಡ ಅಂತ ನಾನೆಲ್ಲಿ ಹೇಳಿದೆ? ಆಸ್ಪತ್ರೆಗೆ ಬರೋದು ಹುಷಾರಿಲ್ಲದವರು ಮಾತ್ರ, ಅಲ್ಲಿಗೆ ತಲುಪೋಕೆ ಆಗದವರೂ ಇದ್ದಾರೆ. ಎರಡೂ ಬೇಕು. ಡಿ68ರ ಸೀಕ್ವೆನ್ಸ್‌ಗಳನ್ನು ಕೊಳಚೆ ನೀರಲ್ಲೂ ಹುಡುಕಿ ತೆಗೆದಿದ್ದಾರೆ, ಅದನ್ನೂ ಹೇಳಿ.

ಮಕ್ಕಳ_ಡಾಕ್ಟ್ರು
ಡಿ68 ಅಂದದ್ದಕ್ಕೆ ಹೇಳುತ್ತೇನೆ. ಅದನ್ನು ಮೊದಲು ಕಂಡುಹಿಡಿದದ್ದು 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ. ಆಮೇಲೆ ದಶಕಗಟ್ಟಲೆ ಅಪರೂಪದ ವೈರಸ್ ಅಂತ ಬಿಟ್ಟಿದ್ದರು. 2014ರ ಆಗಸ್ಟ್‌ನಲ್ಲಿ ಕ್ಯಾನ್ಸಸ್ ಸಿಟಿ ಮತ್ತು ಶಿಕಾಗೋದ ಮಕ್ಕಳ ಆಸ್ಪತ್ರೆಗಳಲ್ಲಿ ಉಸಿರಾಟದ ತೊಂದರೆ ಇರುವ ಮಕ್ಕಳು ಎಂದಿಗಿಂತ ಜಾಸ್ತಿ ಬಂದರು. ಅಲ್ಲಿನವರು ಸುಮ್ಮನಿರದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಗೆ ಸ್ಯಾಂಪಲ್ ಕಳಿಸಿದರು, ಡಿ68 ಅಂತ ಬಂತು. ಆ ಸಲ ದೃಢಪಟ್ಟದ್ದು ಸಾವಿರಕ್ಕೂ ಹೆಚ್ಚು. ಅದೇ ಕಾಲಕ್ಕೆ ಕೆಲವು ಮಕ್ಕಳ ಕೈಕಾಲು ಪೋಲಿಯೋ ಥರ ಸೋತವು. ಆಮೇಲೆ 2016, 2018ರಲ್ಲಿ ಮತ್ತೆ ಏರಿತು. ಆ ಆಸ್ಪತ್ರೆಗಳ ಡಾಕ್ಟರುಗಳು ‘ಈ ಸಲ ಕೆಮ್ಮು ಜಾಸ್ತಿ’ ಅಂತ ಸುಮ್ಮನಾಗಿದ್ದರೆ ನಮಗೆ ತಿಳಿಯಲು ಇನ್ನೆಷ್ಟು ದಿನ ಹಿಡಿಯುತ್ತಿತ್ತೋ.

ಅವಳಿ_ಅಮ್ಮ
ವಿಷಯ ಸ್ವಲ್ಪ ಬೇರೆ. ಸ್ಯಾನಿಟೈಸರ್ ಹಾಕಿದ್ರೆ ಸಾಕಾ? ಶಾಲೆಯವರು ಬಾಗಿಲಲ್ಲಿ ಬಾಟಲಿ ಇಟ್ಟಿದ್ದಾರೆ.

ಪಿಪೆಟ್
ಸಾಲದು. ಈ ವೈರಸ್‌ಗೆ ಹೊರಗಿನ ಕೊಬ್ಬಿನ ಪೊರೆ ಇಲ್ಲ. ಆಲ್ಕೋಹಾಲ್ ಅಷ್ಟಾಗಿ ಕೆಲಸ ಮಾಡಲ್ಲ. ಸೋಪು ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆಯಬೇಕು, ಡೈಪರ್ ಬದಲಿಸಿದ ಮೇಲಂತೂ ತಪ್ಪಿಸಬಾರದು. ಆಟದ ಸಾಮಾನಿಗೆ ಬ್ಲೀಚ್ ನೀರು.

ತಂಗಾಳಿ
‘ಟೊಮೆಟೊ ಜ್ವರ’ ಅಂತ ಗಲಾಟೆ ಆಯ್ತಲ್ಲ, ಅದೂ ಇದೇನಾ? ಹೊಸ ವೈರಸ್ ಅಂತ ಆಗ ಎಲ್ಲರೂ ಹೆದರಿಸುತ್ತಿದ್ದರು.

ಕಡತ_ಕಾಯುವವ
ಇದೇ. 2022ರಲ್ಲಿ ಕೇರಳಕ್ಕೆ ಹೋಗಿ ಬ್ರಿಟನ್‌ಗೆ ವಾಪಸಾದ ಇಬ್ಬರು ಮಕ್ಕಳಿಗೆ ಗುಳ್ಳೆ ಎದ್ದವು. ಸೀಕ್ವೆನ್ಸ್ ಮಾಡಿದರೆ ಕಾಕ್ಸಾಕಿ ಎ16. ಊಹಾಪೋಹಕ್ಕೆ ಎರಡು ಸ್ಯಾಂಪಲ್ ಉತ್ತರ ಕೊಟ್ಟವು. ಟೈಪಿಂಗ್ ಅಂದ್ರೆ ಬರೀ ಭಯ ಹುಟ್ಟಿಸುವ ಕೆಲಸ ಅಂದುಕೊಂಡವರು ಇದನ್ನು ನೋಡಬೇಕು.

ಹಳೇ_ಕೈ
ನನ್ನ ತಕರಾರು ಒಂದೇ. ಹಬ್ಬಿದಾಗ ಮಾತ್ರ ಎಲ್ಲರೂ ಓಡುತ್ತಾರೆ, ಇಳಿದ ಮೇಲೆ ಸ್ಯಾಂಪಲ್ ಇಟ್ಟ ಫ್ರೀಜರ್ ಕಡೆ ಯಾರೂ ತಿರುಗಿ ನೋಡಲ್ಲ. ಶಾಂತವಾಗಿದ್ದ ವರ್ಷಗಳಲ್ಲಿ ಏನು ಓಡಾಡುತ್ತಿತ್ತು ಅಂತ ಗೊತ್ತಿಲ್ಲದೆ ಈ ವರ್ಷದ್ದು ಹೊಸದೋ ಹಳೇದೋ ಅಂತ ಯಾವ ಬಾಯಿಂದ ಹೇಳುತ್ತೀರಿ? ತಿಂಗಳಿಗೆ ಕೆಲವೇ ಸ್ಯಾಂಪಲ್ ಆದರೂ ಪರವಾಗಿಲ್ಲ, ತಪ್ಪದೆ ಪ್ರತಿ ತಿಂಗಳೂ ಆಗಬೇಕು.

ಹಸಿರುಗಣ್ಣು
ಅಷ್ಟನ್ನು ಒಪ್ಪುತ್ತೇನೆ. ಆದರೆ ಸೀಕ್ವೆನ್ಸ್ ಪ್ರಕಟಿಸುವಾಗ ಮಕ್ಕಳ ವಿವರ ಎಲ್ಲ ಇಂಟರ್ನೆಟ್ಟಿಗೆ ಹಾಕುತ್ತಾರಾ? ಸಣ್ಣ ಊರಲ್ಲಿ ತಾರೀಖು, ವಯಸ್ಸು, ಊರಿನ ಹೆಸರು ಹಾಕಿದರೆ ಯಾರ ಮನೆ ಮಗು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಕಡತ_ಕಾಯುವವ
ಒಳ್ಳೆ ಪ್ರಶ್ನೆ. ಸೀಕ್ವೆನ್ಸ್ ಜೊತೆ ಜಿಲ್ಲೆಯೋ ಪ್ರಾಂತ್ಯವೋ, ತಿಂಗಳು ಮತ್ತು ವರ್ಷ, ವಯಸ್ಸಿನ ಗುಂಪು, ಯಾವ ಬಗೆಯ ಸ್ಯಾಂಪಲ್, ಸೌಮ್ಯವೋ ಗಂಭೀರವೋ, ಇಷ್ಟು ಹಾಕಿದರೆ ಸಾಕು. ಊರಿನ ಹೆಸರು ಬೇಡ. ಆದರೆ ತಿಂಗಳನ್ನೂ ಬಿಟ್ಟು ಬರೀ ವರ್ಷ ಹಾಕುವವರಿದ್ದಾರೆ, ಗಂಭೀರವೋ ಅಲ್ಲವೋ ಬರೆಯದವರಂತೂ ಲೆಕ್ಕವಿಲ್ಲ. ಅಂಥದ್ದು ಸೀಕ್ವೆನ್ಸ್‌ಗಳ ಸಾರ್ವಜನಿಕ ಭಂಡಾರವಾದ ಜೀನ್‌ಬ್ಯಾಂಕಿನಲ್ಲಿ ಇದ್ದೂ ಇಲ್ಲದ ಹಾಗೆ.

ಚಿಗುರು
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಲ್ಯಾಬಿಗೆ ಮಾತಾಡಿದೆ. ವಿಪಿ1 ಮಾಡಿಕೊಡುತ್ತಾರಂತೆ. ಎರಡೂ ಕಡೆಯಿಂದ ಗಂಟಲು ಮತ್ತು ಮಲದ ಸ್ಯಾಂಪಲ್, ಸೌಮ್ಯ ಮತ್ತು ಗಂಭೀರ ಎರಡೂ ಬಗೆಯವು, ನಾಳೆ ಹೊರಡುತ್ತವೆ. ಮೇಲಿನವರಿಗೆ ‘ಸಂಬಂಧ ಇದೆಯೋ ಇಲ್ಲವೋ ಈಗಲೇ ಹೇಳಲಾಗದು’ ಅಂತ ಬರೆದು ಕಾರಣವನ್ನೂ ಸೇರಿಸಿದ್ದೇನೆ. ಎರಡೂ ಕಡೆ ಒಂದೇ ವಿಧ ಬಂದರೆ ಪೂರ್ತಿ ಜೀನೋಮ್ ಕೇಳಲಾ?

ಪಿಪೆಟ್
ಕೇಳಿ. ಎಲ್ಲದಕ್ಕೂ ಬೇಡ, ಎರಡೂ ಕಡೆಯಿಂದ ವೈರಸ್ ಜಾಸ್ತಿ ಇರುವ, ಅಂದರೆ ಪಿಸಿಆರ್‌ನಲ್ಲಿ ಸಿಟಿ (ವೈರಸ್ ಕಾಣಿಸಲು ಹಿಡಿದ ಸುತ್ತುಗಳ ಸಂಖ್ಯೆ) ಕಡಿಮೆ ಬಂದ ಕೆಲವು ಸ್ಯಾಂಪಲ್ ಆರಿಸಿ ಕೊಡಿ. ಉಳಿದದ್ದನ್ನು ಎಸೆಯಲು ಬಿಡಬೇಡಿ, ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ಇಡಿಸಿ. ಮತ್ತೆ ಟ್ಯೂಬ್ ಮೇಲೆ ಜ್ವರ ಶುರುವಾದ ತಾರೀಖು ಮತ್ತು ಸ್ಯಾಂಪಲ್ ತೆಗೆದ ತಾರೀಖು ಎರಡೂ ಬೇರೆ ಬೇರೆ ಬರೆಯಿರಿ.

ಕಡತ_ಕಾಯುವವ
ಸೀಕ್ವೆನ್ಸ್ ಬಂದ ಮೇಲೆ ಇಲ್ಲೇ ತಿಳಿಸಿ ಚಿಗುರು. ಹೋಲಿಸಿ ನೋಡಲು ಕೂತುಕೊಳ್ಳೋಣ.